ಒರೆಸದ ಸೊಪ್ಪು

ಹೋಳೂರಿನಲ್ಲಿ ಇನ್ನೂ ಆರು ಗಂಟೆಯಾಗಿಲ್ಲ. ಶಾಮಲಮ್ಮನವರ ಹಿಪ್ಪುನೇರಳೆ ತೋಟದಲ್ಲಿ ಮುನಿಯಲ್ಲಮ್ಮ ಸೀರೆ ಎತ್ತಿ ಕಟ್ಟಿಕೊಂಡು ಬಗ್ಗಿ ನಿಂತಿದ್ದಾರೆ. ಒಂದು ಕೈಯಲ್ಲಿ ಸಣ್ಣ ಕತ್ತರಿ, ಇನ್ನೊಂದರಲ್ಲಿ ತಳಕ್ಕೆ ಒದ್ದೆ ಹತ್ತಿ ಹಾಸಿದ ಪ್ಲಾಸ್ಟಿಕ್ ಡಬ್ಬಿ. ಇಬ್ಬನಿ ಕೂತ ಎಳೆ ಕುಡಿಯೊಂದನ್ನು ಎಲೆಗೆ ಬೆರಳು ತಾಗದಂತೆ ಕತ್ತರಿಸಿ ಡಬ್ಬಿಗೆ ಇಳಿಸುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಸಹಾಯಕ್ಕೆಂದು ಕೈ ಚಾಚಿದರೆ, “ಮುಟ್ಬೇಡಿ ಸಾರ್” ಎನ್ನುತ್ತಾರೆ. ಮೆತ್ತಗೆ ಹೇಳಿದರೂ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಬದುವಿನ ಮೇಲೆ ಶಾಮಲಮ್ಮ ಕಾಯುತ್ತಾ ನಿಂತಿದ್ದಾರೆ. ಎರಡು ಬೆಳೆಯಿಂದ ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕಿಲ್ಲ. ಮತ್ತೆ ಹುಳ ತರಬೇಕೋ, ತೋಟವನ್ನೇ ಕೀಳಿಸಬೇಕೋ ಎಂಬುದನ್ನು ಈ ಡಬ್ಬಿ ಇವತ್ತು ಹೇಳಬೇಕು.

ನಲವತ್ತೇಳರ ಮುನಿಯಲ್ಲಮ್ಮ ಇದೇ ಊರಿನವರು. ಹದಿನಾಲ್ಕು ವರ್ಷದ ಹಿಂದೆ ಕೋಲಾರದ ಹೊರಗಿನ ಸಂಶೋಧನಾ ಕೇಂದ್ರವೊಂದಕ್ಕೆ ನೆಲ ಒರೆಸಲು ಸೇರಿದರು. ಈಗ ಅಲ್ಲಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹಸಿ ಮಾದರಿ ತಂದುಕೊಡುವುದು ಅವರ ಕೆಲಸ. ವಾರಕ್ಕೆ ಮೂರು ಬೆಳಗ್ಗೆ, ಒಂದೊಂದು ಬೆಳಗ್ಗೆಗೂ ಆರೇಳು ಡಬ್ಬಿ. ಗಿಡದಿಂದ ಯಂತ್ರಕ್ಕೆ ಎರಡು ಗಂಟೆಯೊಳಗೆ ತಲುಪಬೇಕು, ಬಸ್ಸು ತಡವಾದರೆ ಆ ದಿನದ ಶ್ರಮವೆಲ್ಲ ನೀರಲ್ಲಿ ಹೋಮ.

ಹಸಿಯೇ ಯಾಕೆ? ಮಾಮೂಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪು ತನ್ನ ಹೊಟ್ಟೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತದೆ. ಹಾಗಾಗಿ ಎಲೆಯನ್ನು ಮೊದಲೇ ಒಣಗಿಸಿ, ಮೇಲೆ ಚಿನ್ನದ ತೆಳು ಲೇಪ ಕೊಟ್ಟು ಇಡಬೇಕು. ಇಲ್ಲಿರುವುದು ಬೇರೆ ಜಾತಿಯದು. ಮುನಿಯಲ್ಲಮ್ಮನ ವಿವರಣೆ ಕೇಳಿದ ಮೇಲೆ ನನಗೆ ಬೇರೆ ಪಾಠ ಬೇಕಾಗಲಿಲ್ಲ: “ಆ ಮಿಷನ್ನಲ್ಲಿ ಹಸಿ ಸೊಪ್ಪು ಇಟ್ರೆ ಹಪ್ಪಳ ಆಗೋಗುತ್ತೆ. ಇದ್ರಲ್ಲಿ ಒಳಗೆ ಚೂರು ನೀರಾವಿ ಬಿಟ್ಟಿರ್ತಾರೆ, ಕೆಳಗೆ ತಂಪು ಮಾಡಿರ್ತಾರೆ. ಇನ್ನೂ ಗಿಡದಲ್ಲೇ ಇದೀನಿ ಅಂದ್ಕೊಳ್ಳುತ್ತೆ ಸೊಪ್ಪು.”

ಕಳೆದ ವರ್ಷ ಶಾಮಲಮ್ಮನ ತೋಟದ ಕುಡಿಗಳು ಮುದುಡಿ ಕಂದತೊಡಗಿದವು. ಬದುವಿನಾಚೆ ಟೊಮೆಟೊ ಬೆಳೆಯುವ ವೇಣುಗೋಪಾಲ್ ಆಗಷ್ಟೇ ಕಳೆನಾಶಕ ಹೊಡೆದಿದ್ದರು. ಅದೇ ಗಾಳಿಗೆ ತೂರಿ ಬಂದಿದೆ ಎಂದು ಶಾಮಲಮ್ಮ ದೂರಿದರು. ರೇಷ್ಮೆ ಗೂಡು ಬಿಡಿಸುವಂಥ ಕೆಲಸಕ್ಕೆ ಕೂಲಿಯಿಲ್ಲದೆ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗಿ ಬರುತ್ತಿದ್ದ ಎರಡು ಮನೆ ಮಾತು ಬಿಟ್ಟವು. ಸೊಪ್ಪು ಯಂತ್ರಕ್ಕೆ ಹೋಯಿತು. ಚಿತ್ರದಲ್ಲಿ ಹುಳವಿಲ್ಲ, ಹುಪ್ಪಟೆಯಿಲ್ಲ, ಎಲೆ ಸ್ವಚ್ಛ. ಹಾಗಾದರೆ ತಪ್ಪು ವೇಣುಗೋಪಾಲನದೇ ಎಂದು ಊರೂ ನಂಬಿತು, ಸೋಮವಾರಕ್ಕೆ ಪಂಚಾಯ್ತಿ ನಿಗದಿಯಾಯಿತು.

ಭಾನುವಾರ ಬೆಳಗ್ಗೆ ಮುನಿಯಲ್ಲಮ್ಮ ತಮ್ಮ ಮನೆಯ ಹುಳಗಳಿಗೆ ಸೊಪ್ಪು ಹಾಕುತ್ತಿದ್ದರು. ಈ ಕಡೆ ಹುಳ ಸಾಕುವವರು ಒದ್ದೆ ಸೊಪ್ಪು ಹಾಕುವುದಿಲ್ಲ, ಹಾಕಿದರೆ ಹುಳಕ್ಕೆ ರೋಗ. “ತಡಿ ಆಕು ಪೆಟ್ಟೊದ್ದು”, ಒದ್ದೆ ಸೊಪ್ಪು ಹಾಕಬೇಡ, ಎಂದು ಅವರ ತಾಯಿ ತೆಲುಗಿನಲ್ಲಿ ಗದರುತ್ತಿದ್ದುದು ಇನ್ನೂ ಕಿವಿಯಲ್ಲಿದೆ. “ಸೊಪ್ಪು ಒರೆಸ್ತಾ ಇದ್ದೆ. ಬಟ್ಟೆ ಕೈಯಲ್ಲೇ ನಿಂತೋಯ್ತು ಸಾರ್. ಶಾಮಲಕ್ಕನ ಸೊಪ್ಪನ್ನೂ ಹಿಂಗೇ ಮೇಲೂ ಕೆಳಗೂ ಉಜ್ಜಿ ಕೊಟ್ಟಿದ್ದೆ, ನಂಗೇ ಗೊತ್ತಿಲ್ದಂಗೆ.”

ಗುತ್ತಿಗೆ ಕೆಲಸ, ನವೀಕರಣದ ತಿಂಗಳು ಬೇರೆ. ಸುಮ್ಮನಿರು ಎಂದು ಹಿತವರು ಬುದ್ಧಿ ಹೇಳಿದರು. ಆದರೂ ಮುನಿಯಲ್ಲಮ್ಮ ಯಂತ್ರ ನಡೆಸುವ ಅನಿಲ್‌ಕುಮಾರ್ ಅವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಒರೆಸದ ಬೇರೆ ಕುಡಿ ತನ್ನಿ, ಯಂತ್ರ ಹಾಕಿರುತ್ತೇನೆ ಎಂದರಂತೆ ಅನಿಲ್‌ಕುಮಾರ್.

ಆ ಭಾನುವಾರದ ಚಿತ್ರವನ್ನು ನಾನೂ ನೋಡಿದೆ. ಎಲೆಯ ಹಿಂಬದಿಯ ನರಗಳ ಸಂದಿಯಲ್ಲಿ ನುಸಿಗಳು. ಒಂದು ರಾಗಿ ಕಾಳಿನ ಮೇಲೆ ಐದಾರನ್ನು ಸಾಲಾಗಿ ನಿಲ್ಲಿಸಬಹುದಾದಷ್ಟು ಚಿಕ್ಕವು. ಪಕ್ಕದಲ್ಲಿ ಅವುಗಳ ಮೊಟ್ಟೆ, ಮೈತುಂಬ ಮಣಿ ಅಂಟಿಸಿದ ಹಾಗೆ ಸಾಲು ಸಾಲು ಉಬ್ಬು. ಒಣಗಿಸಿದ್ದರೆ ಸುಕ್ಕಾಗುತ್ತಿದ್ದವು, ಇಲ್ಲಿ ತುಂಬಿಕೊಂಡು ಕೂತಿವೆ. ಇಂಥ ಪೀಡೆ ಇಷ್ಟು ಚೆಂದ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ನುಸಿಯೂ ಕಳೆನಾಶಕವೂ ಕುಡಿಯನ್ನು ಹೆಚ್ಚುಕಡಿಮೆ ಒಂದೇ ಥರ ಮುದುಡಿಸುತ್ತವೆಯಂತೆ.

ಸೋಮವಾರ ಅರಳಿಕಟ್ಟೆಯಲ್ಲಿ ಚಿತ್ರ ಹಿಡಿದು ನಿಂತ ಮುನಿಯಲ್ಲಮ್ಮ ಆಡಿದ್ದು ಒಂದೇ ಮಾತು: “ತಪ್ಪು ವೇಣುಗೋಪಾಲಣ್ಣಂದಲ್ಲ, ನನ್ನ ಬಟ್ಟೇದು.” ಪಂಚಾಯ್ತಿ ಚದುರಿತು. ಶಾಮಲಮ್ಮ ಮಾತ್ರ ಪೂರಾ ಒಪ್ಪಲಿಲ್ಲ. ನುಸಿಗೆ ಮದ್ದು ಹೊಡೆದು, ಗಿಡದ ರೆಂಬೆ ಸವರಿ, ಹೊಸ ಕುಡಿ ಬರಲಿ, ಆಮೇಲೆ ನೋಡೋಣ ಎಂದರು. ಇವತ್ತು ಡಬ್ಬಿಯಲ್ಲಿರುವುದು ಮುದುಡದೆ ಬಂದ ಆ ಹೊಸ ಕುಡಿ.

ಎಂಟಕ್ಕೆ ಮುಂಚೆ ನಾವು ಕೇಂದ್ರದಲ್ಲಿದ್ದೇವೆ. ಹುಣಸೆ ಬೀಜಕ್ಕಿಂತ ಚಿಕ್ಕ ತುಂಡನ್ನು ಮುನಿಯಲ್ಲಮ್ಮ ಇಕ್ಕಳದಲ್ಲಿ ತಂಪು ತಟ್ಟೆಯ ಮೇಲಿಡುತ್ತಾರೆ, ಸುತ್ತ ನಾಲ್ಕು ಹನಿ ನೀರು ಬಿಡುತ್ತಾರೆ. ಪರದೆಯ ಮೇಲೆ ಎಲೆಯ ರೋಮ, ಉಸಿರಾಡುವ ಸಣ್ಣ ಬಾಯಿಗಳು ಮೂಡುತ್ತವೆ. ಅನಿಲ್‌ಕುಮಾರ್ ಮೂಲೆಮೂಲೆ ಹುಡುಕುತ್ತಾರೆ. ಮುಕ್ಕಾಲು ಗಂಟೆ, ಎಂಟು ತುಂಡು. ನುಸಿಯಿಲ್ಲ, ಮೊಟ್ಟೆಯೂ ಇಲ್ಲ.

ನನಗೊಂದು ಅನುಮಾನ. ತಪ್ಪಾಗಿದ್ದ ಆ ಮೊದಲ ಚಿತ್ರವೂ ಹೀಗೇ ಸ್ವಚ್ಛವಾಗಿತ್ತಲ್ಲವೇ? ಎರಡನ್ನೂ ಅಕ್ಕಪಕ್ಕ ಇಟ್ಟರೆ ಗುರುತು ಹಿಡಿಯುವುದು ಹೇಗೆ?

ಮುನಿಯಲ್ಲಮ್ಮ ಡಬ್ಬಿಯ ಚೀಟಿಯನ್ನು ನನ್ನ ಕಡೆ ತಿರುಗಿಸುತ್ತಾರೆ. ಊರು, ತೋಟ, ಕತ್ತರಿಸಿದ ಹೊತ್ತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಒರೆಸಿಲ್ಲ’, ಪಕ್ಕದಲ್ಲಿ ಸಹಿ. ಆ ಸೋಮವಾರದಿಂದ ಒಂದು ಡಬ್ಬಿಗೂ ಇದು ತಪ್ಪಿಲ್ಲ. ಕೇಂದ್ರದ ವರದಿಯಲ್ಲಿ ನಿಮ್ಮ ಹೆಸರೂ ಬರಬೇಕಲ್ಲವೇ ಎಂದು ಕೇಳುತ್ತೇನೆ.

“ಹೆಸರು ಯಾಕೆ ಸಾರ್, ಚೀಟೀಲಿರೋ ಆ ಮಾತು ಬಂದ್ರೆ ಸಾಕು,” ಎನ್ನುತ್ತಾ ಶಾಮಲಮ್ಮನಿಗೆ ಫೋನು ಹಚ್ಚುತ್ತಾರೆ. “ಅಕ್ಕಾ, ಹುಳ ತಂದ್ಕೊ. ಗೂಡು ಬಿಡ್ಸೋಕೆ ಈಗ್ಲೇ ವೇಣುಗೋಪಾಲಣ್ಣನ ಮನೇಲಿ ಹೇಳಿಡು.”