ಹುಳದ ಮನೆ ಮತ್ತು ಅಕ್ಕಯಮ್ಮನ ಮೂಗು

ಮೇಲೂರಿನ ಅಕ್ಕಯಮ್ಮನಿಗೆ ಬೇರೆ ಯಾವ ಕಾಯಿಲೆಯೂ ಇಲ್ಲ, ಇರುವುದೊಂದೇ, ಆ ಹಾಳು ಮೂಗು. ರೇಷ್ಮೆಹುಳದ ಮನೆಗೆ ಕಾಲಿಟ್ಟರೆ ಸಾಕು, ಸೀನು ಶುರು. ಕಣ್ಣು ಕೆಂಪು, ಮೂಗು ಕಟ್ಟಿ ಬಾಯಲ್ಲೇ ಉಸಿರು. ಊರವರ ಬಾಯಿ ಸುಮ್ಮನಿರುತ್ತದೆಯೇ? ಒಬ್ಬಳು ಹಬೆ ತಗೋ ಅಂದಳು, ಇನ್ನೊಬ್ಬಳು ತಲೆಗೆ ನೀರು ಹಾಕಬೇಡ ಅಂದಳು. ಎಲ್ಲ ಮಾಡಿ ಸಾಕಾಗಿಹೋಯಿತು.

ಗಂಡ ಎರ್ರಪ್ಪನಿಗಂತೂ ತಲೆ ಕೆಟ್ಟುಹೋಗಿತ್ತು. "ಇನ್ನೊಂದು ಹುಳದ ಬೆಳೆ ನೋಡಣ, ಆಮೇಲೆ ಹುಳ ಸಾಕೋದೇ ಬಿಟ್ಬಿಡಣ. ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಣ" ಅಂದುಬಿಟ್ಟ. ಅಕ್ಕಯಮ್ಮ ಒಪ್ಪಿಯಾಳೇ? ಹುಳ ಸೊಪ್ಪು ತಿನ್ನುವ ಚರಚರ ಸದ್ದು ಕೇಳದಿದ್ದರೆ ಆಕೆಗೆ ನಿದ್ದೆಯೇ ಹತ್ತುವುದಿಲ್ಲ.

ಸಿಟ್ಟಿನಲ್ಲೇ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ, ಹಿಂದೆ ಮೂಗಿಗೆ ಹಾಕಿಕೊಳ್ಳುವ ಸ್ಪ್ರೇ ಕೊಟ್ಟಿದ್ದ ಡಾಕ್ಟರಮ್ಮನ ಎದುರು ಕೂತಳು.

"ನಿಮ್ ಸ್ಪ್ರೇ ಏನೂ ಕೆಲ್ಸ ಮಾಡ್ಲಿಲ್ಲಮ್ಮ!"

"ದಿನಾ ಹಾಕ್ಕೊಂಡ್ರಾ?"

"ಹುಳ ಇಲ್ದಾಗ ಹಾಕ್ಕೊಂಡೆ. ಹುಳ ಬಂದ್ಮೇಲೆ ಆ ಬಾಟ್ಲಿ ಮನೇಲಿ ಇಡೋಕಾಗ್ತದಾ? ಪಕ್ಕದ ತೋಟದವನು ದ್ರಾಕ್ಷಿಗೆ ಔಷ್ದಿ ಹೊಡ್ದಿದ್ದಕ್ಕೇ ನಮ್ ಹುಳವೆಲ್ಲ ಸತ್ತೋದ್ವು. ಈಗ ನಾನೇ ಕೈಯಾರೆ ಸ್ಪ್ರೇ ಹೊಡೀಲಾ?"

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ತಾಯಿ! ಆ ಹುಳದ ಮನೆ ಧೂಳೇ ನಿಮಗೆ ಆಗ್ಬರಲ್ಲ. ಸ್ಪ್ರೇ ಬೇಕಾದಾಗಲೇ ಬಿಟ್ಟಿದ್ದೀರಲ್ಲ! ದನದ ಕೊಟ್ಟಿಗೇಲಿ ಹಾಕ್ಕೊಳ್ಳಿ, ಕೈ ತೊಳ್ಕೊಂಡು ಒಳಗೆ ಹೋಗಿ. ಹುಳ ಬರೋಕ್ ಮುಂಚೇನೇ ಶುರು ಮಾಡಿ, ಚೆನ್ನಾಗಿದ್ರೂ ಬಿಡ್ಬೇಡಿ. ಕಸ ತೆಗೆಯೋವಾಗ ಮಾಸ್ಕ್ ಹಾಕ್ಕೊಳ್ಳಿ."

ಮುಂದಿನ ಬೆಳೆಗೆ ಹಾಗೇ ಮಾಡಿದಳು. ಕೊಟ್ಟಿಗೆಯಲ್ಲಿ ಮದ್ದು, ಸೋಪು ಹಾಕಿ ಕೈ ತೊಳೆತ, ಹುಳದ ಮನೆಗೆ ಬೇರೆಯದೇ ಸೀರೆ. ಸೀನು ಪೂರ್ತಿ ನಿಲ್ಲಲಿಲ್ಲ, ಆದರೆ ಕಟ್ಟಿದ್ದ ಮೂಗು ಬಿಟ್ಟಿತು. ಹುಳ ದೊಡ್ಡವಾಗಿ ಗಬಗಬ ತಿನ್ನುವ ಹೊತ್ತಿಗೆ ಒಂದು ದಿನ ಎರ್ರಪ್ಪ ಸೊಪ್ಪಿನ ಮೂಟೆ ತಂದು ಬಿಚ್ಚಿದ.

"ನಿಲ್ಲಯ್ಯಾ! ಸೊಪ್ಪು ಬೆಂದೋಗ್ಯದೆ. ಹುಳಿ ವಾಸ್ನೆ ಬರ್ತಿಲ್ವಾ ನಿಂಗೆ?"

"ಹಸ್ರಾಗೇ ಅದಲ್ಲೇ!"

ಆಕೆ ಮೂಟೆಯೊಳಕ್ಕೆ ಕೈ ತೂರಿಸಿ ತಳದ ಸೊಪ್ಪನ್ನು ಹೊರಗೆಳೆದಳು. ಕಾವು ಹಿಡಿದು ಕಪ್ಪಾಗಿತ್ತು. ಅದನ್ನು ಹಾಕಿದ್ದರೆ ಹುಳಕ್ಕೆ ರೋಗ ಬಂದು ಬೆಳೆಯೇ ಕೈಬಿಡುತ್ತಿತ್ತು.

ಎರ್ರಪ್ಪ ಕುಡುಗೋಲು ಎತ್ತಿಕೊಂಡು ಹೊರಟ.

"ಎಲ್ಲಿಗೆ? ಹಿಪ್ಪುನೇರಳೆ ಕೀಳೋಕಾ?"

"ಬೇರೆ ಸೊಪ್ಪು ಕುಯ್ಯೋಕೆ ಕಣೇ. ಸಾಕು ಸುಮ್ನಿರು."