ಆ ಹೊಲಕ್ಕೆ ನನ್ನ ಟಂಟಂ ಹೋಗಲಿಲ್ಲ

೧೯೯೮ರಲ್ಲಿ ನಾನು ಶಾಲೆ ಬಿಟ್ಟೆ. ಮಾನ್ವಿಯಲ್ಲಿ, ಏಳನೇ ತರಗತಿ ಮುಗಿಯುವ ಮೊದಲೇ. ಹಮಾಲಿ ಮಾಡುತ್ತಿದ್ದ ಅಪ್ಪನ ಸೊಂಟ ಹೋಗಿತ್ತು. ಒಬ್ಬರು ದುಡಿಯಬೇಕು, ಒಬ್ಬರು ಓದಬೇಕು ಎಂದಾಯಿತು. ನಾನು ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತೆ, ತಂಗಿ ಓದಿದಳು. ಇದಕ್ಕೆ ಯಾರ ಮರುಕವೂ ನನಗೆ ಬೇಡ. ಅವಳಿಗೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಾಗ ನಾನೂ ದೇವದುರ್ಗಕ್ಕೆ ಬಂದು, ಹಳ್ಳಿಗಳಿಗೆ ಜನರನ್ನು ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸತೊಡಗಿದೆ.

ಹಿಂದೆ ಕೂತವರ ಮಾತು ಕಿವಿಗೆ ಬೀಳುತ್ತಿತ್ತು.

“ಟೀಚರ್‌ಗೋಳಿಗೇನ್ ಬಿಡ್ರಿ, ಫ್ಯಾನಿನ ಕೆಳಗ ಕುಂತು ಪಗಾರ ಎಣಸೋದು.”

“ಮ್ಯಾಲ ಬ್ಯಾಸಗಿ ರಜಾ ಬ್ಯಾರೆ!”

ನಾನು ಮುಂದಿನ ಗುಂಡಿಯನ್ನು ನೋಡಿಕೊಂಡು, ತಪ್ಪಿಸದೆ ಗಾಡಿಯನ್ನು ಅದರೊಳಗೇ ಇಳಿಸುತ್ತಿದ್ದೆ.

ಆ ಶಾಲೆಯ ಫ್ಯಾನಿಗೆ ಕರೆಂಟು ಇರುವುದೇ ಅಪರೂಪ. ಒಂದೇ ಕೋಣೆಯಲ್ಲಿ ಮೂರು ತರಗತಿ. ಪಾಠದ ನಡುವೆ ಬಿಸಿಯೂಟದ ಮೊಟ್ಟೆ ಬಂತೋ ಎಂದು ನೋಡಬೇಕು, ಸಂಜೆ ಸಮೀಕ್ಷೆ ಎಂದು ಮನೆಮನೆ ತಿರುಗಬೇಕು. ಹತ್ತಿ ಬಿಡಿಸುವ ಕಾಲ ಬಂದರಂತೂ ಮಕ್ಕಳೇ ಇರುವುದಿಲ್ಲ. ಆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಹತ್ತಿ ಬೆಳೆಯುವ ಒಬ್ಬನಿದ್ದಾನೆ. ಸಾಹುಕಾರ ಎಂದೇ ಎಲ್ಲರೂ ಕರೆಯುತ್ತಾರೆ. ಬೆಳಗಾದರೆ ಅವನ ಟ್ರ್ಯಾಕ್ಟರ್ ಓಣಿಗೆ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಒಂದು ದಿನ ತಂಗಿ ಆ ಟ್ರ್ಯಾಕ್ಟರಿಗೆ ಅಡ್ಡ ನಿಂತಳು.

“ಟೀಚರ್ರ, ನಿಮಗ ಸರ್ಕಾರ ಪಗಾರ ಕೊಡ್ತದ. ಇವರ ಹೊಟ್ಟಿ ನಾ ತುಂಬಸ್ತೀನಿ,” ಎಂದನಂತೆ ಸಾಹುಕಾರ.

“ಇವರ ಹೊಟ್ಟಿಗೆ ಶಾಲ್ಯಾಗ ಅನ್ನ ಅದರೀ. ಇಳೀರೋ ಕೆಳಗ!” ಎಂದಳು ಇವಳು. ಮಕ್ಕಳು ಇಳಿದವು.

ಅವನು ಅದನ್ನು ಮರೆಯಲಿಲ್ಲ. ಕೆಲವೇ ದಿನಕ್ಕೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೊ ಬಂತು. ಶಾಲೆಯ ಕಿಟಕಿಯಿಂದ ತೆಗೆದದ್ದು. ತಂಗಿ ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಾಳೆ, ಮಕ್ಕಳು ಅತ್ತಿತ್ತ ಓಡುತ್ತಿವೆ. ಕೆಳಗೆ ಸಾಹುಕಾರನ ಮಾತು: ನಮ್ಮೂರ ಟೀಚರ್ ನಿದ್ದೆ ಮಾಡುತ್ತಿದ್ದಾರೆ, ಎಬ್ಬಿಸಬೇಡಿ.

ಅದು ಒಂದನೇ ತರಗತಿಯ ಆಟ. ಟೀಚರ್ ಕಣ್ಣು ಮುಚ್ಚಬೇಕು, ಮಕ್ಕಳು ಅಕ್ಷರದ ಕಾರ್ಡು ಬಚ್ಚಿಡಬೇಕು, ಆಮೇಲೆ ಟೀಚರ್ ಒಂದೊಂದೇ ಕಾರ್ಡು ಹುಡುಕಿ ತೆಗೆದಂತೆ ಮಕ್ಕಳು ಅದರ ಅಕ್ಷರವನ್ನು ಕೂಗಿ ಹೇಳಬೇಕು. ವಿಡಿಯೊದಲ್ಲಿ ಕಣ್ಣು ಮುಚ್ಚಿದ್ದಷ್ಟೇ ಇತ್ತು. ಶಿಕ್ಷಣ ಇಲಾಖೆಯ ಕಚೇರಿಯಿಂದ ನೋಟಿಸ್ ಬಂತು. ಬಸ್ಸಿನಲ್ಲಿ ಹೆಂಗಸರು “ನಿದ್ದಿ ಟೀಚರ್ ಬಂದ್ರು, ಸೀಟ್ ಬಿಡ್ರೇ” ಎಂದು ನಕ್ಕರು.

“ಆಟ ಅಂತ ಬರದು ಕೊಡು,” ಎಂದೆ.

“ಬರದೀನಿ ಯಣ್ಣಾ. ಯಾರು ನಂಬತಾರ? ಬ್ಯಾರೆ ಕಡಿ ವರ್ಗ ಮಾಡಸ್ಕೊಂಡು ಹೋಗ್ತೀನಿ.”

ಅವಳು ಹಾಗೆ ತಲೆ ತಗ್ಗಿಸಿ ಆ ಊರು ಬಿಟ್ಟರೆ ನಾನು ಹೊತ್ತ ಚೀಲಗಳಿಗೆ ಅರ್ಥವೇನು? ಅವಳ ಹೆಸರನ್ನು ಅವನ ಬಾಯಿಂದಲೇ ತೊಳೆಸುತ್ತೇನೆ ಎಂದುಕೊಂಡೆ.

ದೇವದುರ್ಗದಲ್ಲಿ ನಸುಕಿಗೆ ಕೂಲಿ ಹೆಂಗಸರು ಬುತ್ತಿಗಂಟು ಹಿಡಿದು ನಿಲ್ಲುತ್ತಾರೆ. ಯಾವ ಹೊಲಕ್ಕೆ ಎಂದು ಅವರು ಕೇಳುವುದು ಟಂಟಂನವನನ್ನು. ಹತ್ತಿ ಒಡೆದಾಗ ಎಲ್ಲ ಹೊಲಕ್ಕೂ ಆಳು ಬೇಕು, ಆದ್ದರಿಂದ ಯಾರ ಕೂಲಿಯೂ ತಪ್ಪುವುದಿಲ್ಲ. ಚಹಾದಂಗಡಿಯಲ್ಲಿ ಉಳಿದ ಟಂಟಂನವರಿಗೆ ವಿಡಿಯೊ ತೋರಿಸಿ ಹೇಳಿದೆ, ಅವನ ಹೊಲವೊಂದು ಬೇಡ.

“ನಿನ್ನ ತಂಗಿ ನಮ್ಮ ತಂಗಿ ಅಲ್ಲೇನೋ ಭಾಯ್?” ಎಂದ ಹಿರಿಯ ಡ್ರೈವರ್. ಅಷ್ಟೇ ಸಾಕಾಯಿತು. ಅವನೇ ಟ್ರ್ಯಾಕ್ಟರ್ ತಂದರೂ, ದಿನವೂ ಕೂಲಿ ಹುಡುಕಿ ಕೊಡುವ ನಮ್ಮನ್ನು ಬಿಟ್ಟು ಹೆಂಗಸರು ಹತ್ತಲಿಲ್ಲ.

ಸುತ್ತಲಿನ ಹೊಲಗಳು ಬರಿದಾದವು. ಅವನದು ಮಾತ್ರ ಬೆಳ್ಳಗೆ ನಿಂತಿತ್ತು. ಹಾದುಹೋಗುವಾಗೆಲ್ಲ ನಾನು ಹಾರ್ನ್ ಹೊಡೆಯುತ್ತಿದ್ದೆ. ಕೊನೆಗೆ ಅವನೇ ಟಂಟಂ ಸ್ಟ್ಯಾಂಡಿಗೆ ಬಂದ.

“ಲೇ ತಮ್ಮ, ಮಾಡ ಕಟ್ಟ್ಯಾದ, ಮಳಿ ಬಂದ್ರ ಹತ್ತಿ ಹೋಗ್ತದ. ಆಳು ಕಳಸು.”

“ನನ್ನ ಕಡಿ ಯಾಕ ಬಂದ್ರಿ? ಶಾಲಿಗೆ ಹೋಗ್ರಿ. ಟೀಚರ್ ಕುರ್ಚಿ ಮ್ಯಾಲ ಕುಂತು ಆ ಆಟ ಆಡ್ರಿ. ಕಂಡದ್ದು ಅದೇ ಗ್ರೂಪಿನ್ಯಾಗ ಹೇಳ್ರಿ. ಆಮ್ಯಾಲ ಆಳು.”

ಅವನ ಮುಖ ಕೆಂಪಾಯಿತು. ಆಕಾಶ ನೋಡಿದ. ಮರುದಿನ ಶಾಲೆಗೆ ಬಂದ.

“ಸಾವ್ಕಾರ್ರ, ಕಣ್ಣ ಮುಚ್ಚ್ರಿ! ಕದ್ದು ನೋಡಬ್ಯಾಡ್ರಿ!” ಎಂದು ಮಕ್ಕಳು ಕಿರುಚಿದವು. ಅವನು ಮೇಜಿಗೆ ತಲೆಯಿಟ್ಟ. ಒಂದು ಹುಡುಗಿ ಅವನ ಹೆಗಲ ಟವೆಲ್ಲಿನೊಳಗೇ ಕಾರ್ಡು ಸಿಕ್ಕಿಸಿದಳು. ಒಬ್ಬ ಅಳತೊಡಗಿದ, ಇಬ್ಬರು ಜಗಳಕ್ಕೆ ಬಿದ್ದರು. ಸಾಹುಕಾರ ಬೆವರುತ್ತ ಕೋಣೆ ತುಂಬ ಹುಡುಕಿದ. ಕಾರ್ಡು ಸಿಗಲಿಲ್ಲ. “ಹೆಂಗ್ ಹಿಡೀತೀರವ್ವಾ ಇವನ್ನ?” ಎಂದ. ತಂಗಿ ಅತ್ತವನ ಮೂಗು ಒರೆಸಿದಳು.

ಅವನು ಕಣ್ಣು ಮುಚ್ಚಿದ್ದಾಗ ಅದೇ ಕಿಟಕಿಯಿಂದ ನಾನೂ ವಿಡಿಯೊ ಮಾಡಿಕೊಂಡೆ.

ಟೀಚರ್ ಮಲಗಿರಲಿಲ್ಲ, ತಪ್ಪು ತನ್ನದು ಎಂದು ಸಾಹುಕಾರ ಗ್ರೂಪಿನಲ್ಲಿ ತನ್ನ ದನಿಯಲ್ಲೇ ಹೇಳಿದ. ತಂಗಿ ಅದನ್ನು ಕಚೇರಿಯವರಿಗೆ ಕೇಳಿಸಿದಳು, ನೋಟಿಸ್ ಅಲ್ಲಿಗೇ ನಿಂತಿತು. ವರ್ಗದ ಮಾತು ಅವಳು ಮತ್ತೆ ಎತ್ತಲಿಲ್ಲ. ನಾನು ಮಾತಿನಂತೆ ಆಳು ಕಳಿಸಿದೆ, ಆದರೆ ಉಳಿದವರ ಹೊಲ ಮುಗಿದ ಮೇಲೆ. ಅಷ್ಟರಲ್ಲಿ ಮಳೆ ಬಿದ್ದಿತ್ತು. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಅವನ ನೆಂದ ಹತ್ತಿಯನ್ನು ಮುಟ್ಟಿ ನೋಡಿ ಮುಖ ತಿರುಗಿಸಿದರಂತೆ. ಅಂದು ಊಟ ರುಚಿಸಿತು.

“ಸಾವ್ಕಾರಂದು ಆ ವಿಡಿಯೊ ಅಳಸಿಬಿಡು ಯಣ್ಣಾ. ಸಾಕು.”

“ಅಳಸ್ತೀನಿ. ನೀ ರಿಟೈರ್ ಆದ ದಿನ.”

ಈಗ ನನ್ನ ಹತ್ತಿರ ಇರುವುದು ಇಷ್ಟು: ಮೂರು ಟಂಟಂ, ಎರಡು ಕೋಣೆಯ ಮನೆ, ತಲೆಯೆತ್ತಿ ಅದೇ ಶಾಲೆಗೆ ಹೋಗುವ ಒಬ್ಬ ತಂಗಿ, ಒಬ್ಬ ವೈರಿ, ಫೋನಿನಲ್ಲಿ ಒಂದು ವಿಡಿಯೊ.