ಸಾಹೇಬರು ನಡೆಸಿದ ಆನೆ

ಗೆಳೆಯರೇ, ಇವತ್ತು ಒಬ್ಬ ಮಹಾನುಭಾವರು ಒಂದೇ ಕೈಯಲ್ಲಿ ನಮ್ಮ ವಾರದ ದುಡಿಮೆಯನ್ನು ಹಾಳು ಮಾಡಿದರು.

ಪುಣೆಯ ನಮ್ಮ ಪುಟ್ಟ ಸ್ಟುಡಿಯೋದಲ್ಲಿ ಸಾಬೂನಿನ ಜಾಹೀರಾತೊಂದು ತಯಾರಾಗುತ್ತಿದೆ, ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ತೋರಿಸಲು. ಅದರಲ್ಲಿ ಜೇಡಿಮಣ್ಣಿನ ಆನೆಯೊಂದು ಸ್ನಾನಕ್ಕೆ ನಡೆದುಹೋಗಬೇಕು. ಆನೆಯ ಕಾಲನ್ನು ಕೂದಲೆಳೆಯಷ್ಟು ಸರಿಸುವುದು, ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು, ಇದೇ ನನ್ನ ಕೆಲಸ. ಆ ಚಿತ್ರಗಳನ್ನು ಒಂದರ ಹಿಂದೊಂದು ವೇಗವಾಗಿ ಓಡಿಸಿದರೆ ಆನೆ ತಾನೇ ನಡೆದಂತೆ ಕಾಣುತ್ತದೆ. ಸಿನಿಮಾ ಹುಟ್ಟಿದ ಕಾಲದಿಂದಲೂ ಗೊಂಬೆಗಳು ತೆರೆಯ ಮೇಲೆ ಹೀಗೆಯೇ ನಡೆಯುತ್ತ ಬಂದಿವೆ.

ಮಧ್ಯಾಹ್ನ ಸಾಬೂನು ಕಂಪನಿಯ ಮ್ಯಾನೇಜರ್ ಬಂದರು. ಧಾರವಾಡದ ಕಡೆಯವರು. ಸ್ವಲ್ಪ ಹೊತ್ತು ನೋಡಿ, "ಏನ್ರಿ ಅಕ್ಕಾರ, ಆನಿ ನಿಂತಲ್ಲೇ ನಿಂತದಲ್ಲ?" ಎಂದರು. ನಾನು ಉತ್ತರ ಕೊಡುವ ಮೊದಲೇ ಅದನ್ನು ಸೊಂಡಿಲು ಹಿಡಿದು ಎತ್ತಿ ಮೇಜಿನ ತುದಿಗೆ ಇಟ್ಟು, "ನೋಡ್ರಿ, ನಡೀತು! ಈಗ ತಗೀರಿ ಫೋಟೋ" ಎಂದರು.

ಎತ್ತಿದ ಆನೆಯನ್ನು ಮತ್ತೆ ಕೂದಲೆಳೆಯೂ ತಪ್ಪದಂತೆ ಅದೇ ಜಾಗದಲ್ಲಿ ಇಡಲು ಯಾರಿಂದಲೂ ಆಗದು. ಇನ್ನು ಆ ನಡಿಗೆಯನ್ನು ಮೊದಲಿನಿಂದ ತೆಗೆಯಬೇಕು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಸಾಹೇಬ್ರ, ಅದು ನಡ್ಯಾಕತ್ತಿತ್ರಿ. ನೀವು ಬಂದು ಕೊಂದ್ರಿ," ಎಂದೆ.

ನಮ್ಮ ಮಾಲೀಕರು ಬೆವರುತ್ತ, "ಸಾಹೇಬಾಂಚ ಬರೋಬರ್ ಆಹೆ," ಸಾಹೇಬರು ಹೇಳಿದ್ದೇ ಸರಿ ಎಂದು ಮರಾಠಿಯಲ್ಲಿ ಅವರಿಗೇ ಹೂಂಗುಟ್ಟಿದರು.

ಉಬ್ಬಿಹೋದ ಮ್ಯಾನೇಜರ್ ಹೊರಡುವಾಗ ಉಪದೇಶವನ್ನೂ ಕೊಟ್ಟರು: "ಮುಂದಿನ ಸಲ ಖರೇ ಆನೀನ ತರ್ರಿ. ತಾನ ನಡೀತದ."

ತರೋಣ. ಅದರ ಸೊಂಡಿಲನ್ನೂ ಇವರೇ ಹಿಡಿದೆತ್ತಲಿ. ಆಮೇಲೆ ನಡೆಯುವುದನ್ನೆಲ್ಲ ನಾನು ಒಂದು ಚಿತ್ರವೂ ತಪ್ಪದಂತೆ ತೆಗೆಯುತ್ತೇನೆ.